ವಿಮಾನ ಏಕೆ ಬಿದ್ದಿತು?

ಕೆಲವು ತಿಂಗಳ ಹಿಂದೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ನಮ್ಮ ಮನೆಗೆ ಬಂದಿದ್ದರು. ಅವರ ಮಗ ನನ್ನಲ್ಲಿ ಭೌತವಿಜ್ಞಾನವನ್ನು ಓದಿ, ಪದವಿಯನ್ನು ಪಡೆದು, ಈಗ ವಿಮಾನ ನಡೆಸುವ ವಿದ್ಯೆಯನ್ನು ಕಲಿಯುತ್ತಿದ್ದಾನೆ. ಆಕೆ ಸೆರಗಿನ ಗಂಟಿನಿಂದ ಪತ್ರಿಕೆಯ ತುಂಡೊಂದನ್ನು ಬಿಡಿಸಿ ನನ್ನ ಮುಂದಿಟ್ಟರು. ಎಲ್ಲಿಯೋ ದೂರದೇಶದಲ್ಲಿ ಇಬ್ಬರು ಕೂರುವ ಸಣ್ಣ ವಿಮಾನವೊಂದು ನೆಲಕ್ಕೆ ಬಿದ್ದು, ಅದರಲ್ಲಿದ್ದ ಇಬ್ಬರೂ ತೀರಿಕೊಂಡರೆಂದು ನಾಲ್ಕು ಸಾಲಿನ ಸುದ್ದಿ ಅದರಲ್ಲಿದ್ದಿತು. “ಇದು ಏಕೆ ಬಿದ್ದಿತೆಂದು ಬರೆದೇ ಇಲ್ಲವಲ್ಲ, ಮೇಷ್ಟ್ರೇ” ಎಂದರು. “ನಮ್ಮ ಮನೆಯವರು ಹಣೆಬರಹ ಎನ್ನುತ್ತಾರೆ. ಹುಡುಗ, ನಡೆಸುವವನದೇ ಏನೋ ತಪ್ಪಿರಬೇಕು ಎನ್ನುತ್ತಾನೆ. ನೀವು ಓದಿದವರು, ನೀವು ಹೇಳಿ.”

ಆ ಹೊತ್ತಿಗೆ ಏನೋ ಸಮಾಧಾನದ ಮಾತನ್ನಾಡಿ ಅವರನ್ನು ಕಳುಹಿಸಿದೆನಾದರೂ, ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆ ತಾಯಿಯ ಪ್ರಶ್ನೆಯನ್ನು ಬೆನ್ನಟ್ಟಿ ಅಂದಿನಿಂದ ನಾನು ಓದಿದುದರಲ್ಲಿ ಕೆಲವಂಶವನ್ನು, ಶ್ರೋತೃಗಳೆ, ಈ ದಿನ ನಿಮ್ಮ ಮುಂದೆ ಇಡಬೇಕೆಂದು ಬಯಸುತ್ತೇನೆ.

ಆಕೆ ಕೇಳಿದ ಎರಡು ಉತ್ತರಗಳನ್ನು ಮೊದಲು ಸ್ವಲ್ಪ ನೋಡೋಣ. ಹಣೆಬರಹ ಎಂಬುದು ಒಂದು. ಚಾಲಕನ ತಪ್ಪು ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾಗಿ ಕಂಡರೂ, ಎರಡರ ಫಲವೂ ಒಂದೇ. ಎರಡೂ ವಿಚಾರದ ಬಾಗಿಲನ್ನು ಮುಚ್ಚಿಬಿಡುತ್ತವೆ. ವಿಧಿಯನ್ನು ದೂರಿದವನು ಮುಂದೆ ಏನನ್ನೂ ಹುಡುಕುವುದಿಲ್ಲ; ಸತ್ತವನನ್ನು ದೂರಿದವನೂ ಹುಡುಕುವುದಿಲ್ಲ. ಸತ್ತವನಂತೂ ಎದ್ದು ಬಂದು ತನ್ನ ಪಕ್ಷವನ್ನು ಹೇಳಲಾರನು. ಸಣ್ಣ ವಿಮಾನದ ವಿಷಯದಲ್ಲಿ ಈ ಕಷ್ಟ ಇನ್ನೂ ಹೆಚ್ಚು. ದೊಡ್ಡ ವಿಮಾನಗಳಲ್ಲಿ ಚಾಲಕರ ಮಾತನ್ನೂ ಯಂತ್ರದ ನಡೆಯನ್ನೂ ಬರೆದಿಡುವ ಪೆಟ್ಟಿಗೆಗಳಿರುತ್ತವೆ. ಹಿಂದಿನ ಕಾಲದ ಸಣ್ಣ ವಿಮಾನದಲ್ಲಿ ಅಂತಹುದೇನೂ ಇರಲಿಲ್ಲ. ಮುರಿದ ಮರ, ಬಾಗಿದ ಲೋಹ, ಹರಿದ ಬಟ್ಟೆ, ದೂರದಿಂದ ನೋಡಿದ ರೈತನೊಬ್ಬನ ಹೇಳಿಕೆ, ಇಷ್ಟನ್ನೇ ಆಧಾರವಾಗಿಟ್ಟುಕೊಂಡು ನಿಜವನ್ನು ಊಹಿಸಬೇಕಾಗಿತ್ತು. ಆದುದರಿಂದಲೇ ಇಂತಹ ವಿಚಾರಣೆಗಳ ವರದಿಗಳಲ್ಲಿ ‘ಕಾರಣ’ ಎಂದು ಬರೆಯದೆ ‘ಸಂಭಾವ್ಯ ಕಾರಣ’ ಎಂದು ಬರೆಯುವ ಸಂಪ್ರದಾಯ ಅಮೆರಿಕದಲ್ಲಿ ಬೆಳೆದು ಬಂದಿತು. ಆ ‘ಸಂಭಾವ್ಯ’ ಎಂಬ ಒಂದು ಪದದಲ್ಲಿ ಎಷ್ಟು ವಿನಯವೂ ಎಷ್ಟು ಪರಿಶ್ರಮವೂ ಅಡಗಿದೆಯೆಂಬುದನ್ನು ಕೆಲವು ದೃಷ್ಟಾಂತಗಳಿಂದ ತೋರಿಸಲು ಯತ್ನಿಸುತ್ತೇನೆ.

ಎಂಜಿನ್ನಿನ ವಿಮಾನ ಹುಟ್ಟುವುದಕ್ಕೆ ಮೊದಲೇ ಅಪಘಾತ ಹುಟ್ಟಿತು. ಜರ್ಮನಿಯ ಆಟೋ ಲಿಲಿಯೆಂಥಾಲನು ಬಿದಿರುಬೆತ್ತಗಳಂತಹ ಹಗುರವಾದ ಕಡ್ಡಿಗಳಿಗೆ ಬಟ್ಟೆಯನ್ನು ಬಿಗಿದು ಮಾಡಿದ ರೆಕ್ಕೆಗಳನ್ನು ತೋಳಿಗೆ ತೊಡಿಸಿಕೊಂಡು, ಗುಡ್ಡದ ಮೇಲಿನಿಂದ ಓಡಿ ಬಂದು ಗಾಳಿಯಲ್ಲಿ ತೇಲುತ್ತಿದ್ದನು. ಹೀಗೆ ಸುಮಾರು 2000 ಸಲ ಅವನು ಹಾರಿದ್ದನು. 1896ನೆಯ ಆಗಸ್ಟ್ 9ರಂದು ತೇಲುತ್ತಿರುವಾಗ ಮೇಲಕ್ಕೆ ಬೀಸಿದ ಗಾಳಿಯೊಂದು ಅವನ ಯಂತ್ರದ ಮೂತಿಯನ್ನು ಎತ್ತಿ ನಿಲ್ಲಿಸಿತು. ಅವನು ಕಾಲುಗಳನ್ನು ಮುಂದಕ್ಕೆ ಬೀಸಿ ಮೂತಿಯನ್ನು ಬಗ್ಗಿಸಲು ಯತ್ನಿಸಿದನು, ಸಾಧ್ಯವಾಗಲಿಲ್ಲ. ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಬೆನ್ನುಮೂಳೆ ಮುರಿದು, ಮಾರನೆಯ ದಿನ ಬರ್ಲಿನ್ನಿನಲ್ಲಿ ಕೊನೆಯುಸಿರೆಳೆದನು.

ಇಲ್ಲಿ ನಡೆದುದೇನು? ಇದನ್ನು ತಿಳಿಯಲು ನಮ್ಮ ಮಕ್ಕಳು ಆಷಾಢದ ಗಾಳಿಯಲ್ಲಿ ಹಾರಿಸುವ ಗಾಳಿಪಟವನ್ನು ನೆನೆದುಕೊಂಡರೆ ಸಾಕು. ಪಟವು ಗಾಳಿಗೆ ಸ್ವಲ್ಪ ಓರೆಯಾಗಿ ನಿಂತಾಗ ಮೇಲೇರುತ್ತದೆ. ವಿಮಾನದ ರೆಕ್ಕೆಯೂ ಹಾಗೆಯೇ ತನ್ನ ಮೇಲೆ ಹರಿದು ಬರುವ ಗಾಳಿಗೆ ಸ್ವಲ್ಪ ಓರೆಯಾಗಿ ಚಲಿಸುವುದರಿಂದ ಎತ್ತುವ ಬಲವನ್ನು ಪಡೆಯುತ್ತದೆ. ಈ ಓರೆಯನ್ನು ಹೆಚ್ಚಿಸಿದಷ್ಟೂ ಎತ್ತುವ ಬಲವೂ ಹೆಚ್ಚುತ್ತದೆ. ಆದರೆ ಒಂದು ಮಿತಿಯವರೆಗೆ ಮಾತ್ರ. ಸಾಮಾನ್ಯವಾದ ರೆಕ್ಕೆಗಳಲ್ಲಿ ಆ ಮಿತಿ ಸುಮಾರು 15 ಡಿಗ್ರಿ. ಅದನ್ನು ದಾಟಿದೊಡನೆ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಸಿಡಿದು ದೂರ ಸರಿದು ಸುಳಿಸುಳಿಯಾಗುತ್ತದೆ. ರೆಕ್ಕೆ ಆಗ ಎತ್ತುವುದನ್ನು ಬಹುಮಟ್ಟಿಗೆ ಮರೆತುಬಿಡುತ್ತದೆ. ಇದಕ್ಕೆ ವೈಮಾನಿಕರು ‘ಸ್ಟಾಲ್’ ಎನ್ನುತ್ತಾರೆ. ಎಂಜಿನ್ನು ನಿಲ್ಲುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ನು ಭೋರ್ಗರೆಯುತ್ತಿರುವಾಗಲೂ ರೆಕ್ಕೆ ಸೋಲಬಹುದು. ಲಿಲಿಯೆಂಥಾಲನ ರೆಕ್ಕೆ ಸೋತಿತು. ಅದನ್ನು ಬಗ್ಗಿಸಲು ಅವನಿಗೆ ತನ್ನ ದೇಹದ ತೂಕದ ಹೊರತು ಬೇರೆ ಸಾಧನವಿರಲಿಲ್ಲ. ಅವನ ಮರಣದ ಸುದ್ದಿ ಅಮೆರಿಕದಲ್ಲಿ ಬೈಸಿಕಲ್ ಅಂಗಡಿಯನ್ನಿಟ್ಟಿದ್ದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಎಂಬ ಸೋದರರ ಕಿವಿಗೆ ಬಿದ್ದು, ಹಾರಾಟದಲ್ಲಿ ಅವರಿಗಿದ್ದ ಆಸಕ್ತಿಯನ್ನು ಹೊಸದಾಗಿ ಕೆರಳಿಸಿತು. ದೇಹದ ತೂಕವನ್ನು ನಂಬದೆ, ಚಾಲಕನ ಕೈಯಿಂದ ಆಡಿಸಬಲ್ಲ ಫಲಕಗಳಿಂದಲೇ ಯಂತ್ರವನ್ನು ಹತೋಟಿಯಲ್ಲಿಡಬೇಕೆಂಬುದು ಅವರು ಕಂಡುಕೊಂಡ ದಾರಿ.

ಆದರೆ ಆ ಸೋದರರನ್ನೂ ಅಪಘಾತ ಬಿಡಲಿಲ್ಲ. 1908ನೆಯ ಸೆಪ್ಟೆಂಬರ್ 17ರಂದು, ವಾಷಿಂಗ್ಟನ್ ನಗರದ ಬಳಿಯ ಫೋರ್ಟ್ ಮೈಯರ್ ಎಂಬ ಸೈನಿಕ ಮೈದಾನದಲ್ಲಿ ಆರ್ವಿಲನು ಅಮೆರಿಕದ ಸೈನ್ಯದವರಿಗೆ ತನ್ನ ವಿಮಾನವನ್ನು ತೋರಿಸುತ್ತಿದ್ದನು. ಪಕ್ಕದಲ್ಲಿ ಕುಳಿತಿದ್ದವನು ಥಾಮಸ್ ಸೆಲ್ಫ್ರಿಜ್ ಎಂಬ ಇಪ್ಪತ್ತಾರು ವರ್ಷದ ಸೈನ್ಯಾಧಿಕಾರಿ. ಮೈದಾನವನ್ನು ಮೂರು ಸುತ್ತು ಬಳಸಿದ ಮೇಲೆ ಆರ್ವಿಲನಿಗೆ ಬೆನ್ನ ಹಿಂದೆ ಮೆಲ್ಲಗೆ ತಟ್ಟಿದಂತೆ ಒಂದು ಸದ್ದು ಕೇಳಿಸಿತು. ತಿರುಗಿ ನೋಡಿದರೆ ಏನೂ ಕಾಣಲಿಲ್ಲ. ಆದರೂ ಇಳಿಯುವುದೇ ಮೇಲೆಂದು ನಿಶ್ಚಯಿಸಿದನು. ಅಷ್ಟರಲ್ಲಿಯೇ ಎರಡು ದೊಡ್ಡ ಹೊಡೆತಗಳ ಶಬ್ದವಾಯಿತು, ಯಂತ್ರವೆಲ್ಲ ನಡುಗಿತು, ಹತೋಟಿ ತಪ್ಪಿ ಮೂತಿ ಕೆಳಗಾಗಿ ನೆಲದ ಕಡೆಗೆ ಧಾವಿಸಿತು. ನೆಲಕ್ಕೆ ಇನ್ನು ಕೆಲವೇ ಅಡಿಗಳಿರುವಾಗ ಮೂತಿ ಮೇಲೇಳತೊಡಗಿತ್ತು. ಇನ್ನು ಸ್ವಲ್ಪ ಎತ್ತರ ಉಳಿದಿದ್ದರೆ ಸಮನಾಗುತ್ತಿತ್ತೆಂದು ಆರ್ವಿಲನು ಆಮೇಲೆ ಬರೆದನು. ಆ ಸ್ವಲ್ಪ ಎತ್ತರ ಉಳಿದಿರಲಿಲ್ಲ. ಸೆಲ್ಫ್ರಿಜನ ತಲೆಬುರುಡೆ ಒಡೆದು, ಆ ರಾತ್ರಿಯೇ ಅವನು ಸತ್ತನು. ಎಂಜಿನ್ನಿನ ವಿಮಾನದಲ್ಲಿ ಸತ್ತ ಮೊದಲನೆಯ ಮನುಷ್ಯ ಅವನೇ.

ತೊಡೆಯ ಎಲುಬೂ ಪಕ್ಕೆಲುಬುಗಳೂ ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದ ಆರ್ವಿಲನು ದೇವರನ್ನೂ ಬಯ್ಯಲಿಲ್ಲ, ಗಾಳಿಯನ್ನೂ ಬಯ್ಯಲಿಲ್ಲ. ಮುರಿದ ಭಾಗಗಳನ್ನು ಕುರಿತು ವಿಚಾರಿಸಿದನು. ಬಲಗಡೆಯ ಪ್ರೊಪೆಲ್ಲರಿನ ಒಂದು ಅಲಗು ಉದ್ದುದ್ದವಾಗಿ ಸೀಳಿತ್ತು. ಸೀಳಿದ ಅಲಗು ಚಪ್ಪಟೆಯಾಗಿ ಗಾಳಿಯನ್ನು ತಳ್ಳುವ ಬಲವನ್ನು ಕಳೆದುಕೊಂಡಿತು. ಒಂದು ಅಲಗು ತಳ್ಳುವುದು, ಇನ್ನೊಂದು ತಳ್ಳದಿರುವುದು. ಇದರಿಂದ ಅದುರು ಹುಟ್ಟಿ ಪ್ರೊಪೆಲ್ಲರಿನ ಆಧಾರ ಸಡಿಲವಾಯಿತು. ಆಗ ಪ್ರೊಪೆಲ್ಲರು ತನ್ನ ಪಥವನ್ನು ಬಿಟ್ಟು ಓಲಾಡಿ, ಬಾಲದ ಚುಕ್ಕಾಣಿಯನ್ನು ಬಿಗಿದಿದ್ದ ತಂತಿಗೆ ತಗುಲಿ ಅದನ್ನು ಕಿತ್ತುಹಾಕಿತು. ತಂತಿ ಹೋದಮೇಲೆ ಚುಕ್ಕಾಣಿ ವಾಲಿ ಯಂತ್ರವನ್ನು ಕೆಳಕ್ಕೆ ತಿರುಗಿಸಿತು. ನೋಡಿ, ಒಂದು ಕೂದಲೆಳೆಯಷ್ಟು ಬಿರುಕಿನಿಂದ ಒಂದು ಮರಣದವರೆಗೆ ಎಷ್ಟು ಕೊಂಡಿಗಳು! ಈ ಸರಪಳಿಯಲ್ಲಿ ಯಾವುದೊಂದು ಕೊಂಡಿ ಬಿಟ್ಟುಕೊಂಡಿದ್ದರೂ ಸೆಲ್ಫ್ರಿಜನು ಬದುಕುತ್ತಿದ್ದನು. ಮರುವರ್ಷ, ಎಂದರೆ 1909ರಲ್ಲಿ, ಆರ್ವಿಲನು ತಿದ್ದಿದ ಯಂತ್ರದೊಡನೆ ಅದೇ ಮೈದಾನಕ್ಕೆ ಬಂದು ಪರೀಕ್ಷೆಯನ್ನು ಮುಗಿಸಿದನು. ವಿಮಾನ ಬಿದ್ದ ಮೇಲೆ ಮಾಡಬೇಕಾದ ಕೆಲಸವೇನೆಂಬುದಕ್ಕೆ ಇದೊಂದು ಮೇಲ್ಪಂಕ್ತಿ.

ಇನ್ನು ಇಂಗ್ಲೆಂಡಿಗೆ ಹೋಗೋಣ. ಆ ಮೊದಲ ದಿನಗಳಲ್ಲಿ ವೈಮಾನಿಕರ ಪಾಲಿಗೆ ಯಮನ ಬಾಯಿಯಂತಿದ್ದುದು ‘ಸ್ಪಿನ್’ ಎಂಬ ಗಿರಿಗಿರಿಸುತ್ತು. ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚಾಗಿ ಸೋತರೆ ವಿಮಾನ ಆ ಕಡೆಗೆ ವಾಲಿ, ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ನೆಲ ಮೇಲೇರಿ ಬರುವುದನ್ನು ಕಂಡ ಚಾಲಕನು ಸಹಜವಾಗಿಯೇ ಹಿಡಿಕೆಯನ್ನು ಎದೆಗೆ ಎಳೆದುಕೊಳ್ಳುತ್ತಾನೆ. ಮೂತಿ ಮೇಲೇಳಲಿ ಎಂಬುದು ಅವನ ಆಸೆ. ಆದರೆ ರೆಕ್ಕೆ ಸೋತಿರುವುದೇ ಓರೆ ಹೆಚ್ಚಾದುದರಿಂದ. ಎಳೆದಷ್ಟೂ ಅದು ಸೋತೇ ಇರುತ್ತದೆ. ಪ್ರಾಣಭಯವು ಕಲಿಸುವ ಉಪಾಯವೇ ಪ್ರಾಣವನ್ನು ತೆಗೆಯುತ್ತದೆ. 1912ನೆಯ ಆಗಸ್ಟ್ 25ರಂದು ಸಾಲಿಸ್ಬರಿ ಬಯಲಿನಲ್ಲಿ ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾದಳದ ಅಧಿಕಾರಿಯ ವಿಮಾನ ಹೀಗೆಯೇ ಸುತ್ತಿಗೆ ಬಿದ್ದಿತು. ಅವನು ಎಂಜಿನ್ನಿಗೆ ಪೂರ್ತಿ ವೇಗವನ್ನು ಕೊಟ್ಟನು, ಹಿಡಿಕೆಯನ್ನು ಎಳೆದನು, ಸುತ್ತುವ ಕಡೆಗೇ ಚುಕ್ಕಾಣಿಯನ್ನು ಒತ್ತಿದನು, ಒಂದೂ ಫಲಿಸಲಿಲ್ಲ. ಕೊನೆಗೆ, ಇನ್ನೇನು ನೆಲ ಬಂದಿತು ಎನ್ನುವಾಗ, ಚುಕ್ಕಾಣಿಯನ್ನು ಎದುರು ದಿಕ್ಕಿಗೆ ಒತ್ತಿದನು. ಸುತ್ತು ಕೂಡಲೆ ನಿಂತಿತು. ನೋಡುತ್ತಿದ್ದವರು ಅವನನ್ನು ಸುತ್ತುವರಿದು ಏನು ಮಾಡಿದೆ, ಏನು ಮಾಡಿದೆ ಎಂದು ಕೇಳಿದರು. ಅವನು ಒಂದನ್ನೂ ಬಿಡದೆ, ತನ್ನ ತಪ್ಪುಗಳನ್ನೂ ಸೇರಿಸಿ ಹೇಳಿದನು. ಅದು ಅಚ್ಚಾಗಿ ಎಲ್ಲರ ಕೈಗೂ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪಾರ್ಕನು ಬೇರೊಂದು ವಿಮಾನದಲ್ಲಿ ಬಿದ್ದು ಸತ್ತನು. ಆದರೆ ಅವನು ಮುಚ್ಚುಮರೆಯಿಲ್ಲದೆ ಹೇಳಿದ ಆ ಅನುಭವ ಸಾಯಲಿಲ್ಲ. 1917ರಲ್ಲಿ ಲಿಂಡೆಮನ್ ಎಂಬ ಭೌತವಿಜ್ಞಾನಿ ಫಾರ್ನ್‌ಬರೊದಲ್ಲಿ ತಾನೇ ವಿಮಾನ ನಡೆಸುವುದನ್ನು ಕಲಿತು, ಬೇಕೆಂದೇ ಸುತ್ತಿಗೆ ಬಿದ್ದು, ಅಳೆದು, ಎದ್ದು ಬಂದನು. ಸುತ್ತಿಗೆ ಎದುರಾಗಿ ಚುಕ್ಕಾಣಿ, ಅನಂತರ ಹಿಡಿಕೆ ಮುಂದಕ್ಕೆ, ಎಂಬುದು ಇಂದು ಚಾಲಕರಿಗೆಲ್ಲ ಗೊತ್ತಿರುವ ಮಾತು.

ಇದೇ 1912ರಲ್ಲಿ ಇನ್ನೊಂದು ಮುಖ್ಯವಾದ ಕಾರ್ಯ ನಡೆಯಿತು. ಮೇ 13ರಂದು ಬ್ರೂಕ್‌ಲಂಡ್ಸ್ ಎಂಬಲ್ಲಿ ಒಂದು ವಿಮಾನ ಬಿದ್ದು ಚಾಲಕನೂ ಜೊತೆಗಿದ್ದವನೂ ಸತ್ತಾಗ, ರಾಯಲ್ ಏರೋ ಕ್ಲಬ್ಬಿನವರು ಒಂದು ಸಮಿತಿಯನ್ನು ಕೂಡಿಸಿ, ಸಾಕ್ಷಿಗಳನ್ನು ಕೇಳಿ, ವರದಿಯನ್ನು ಪ್ರಕಟಿಸಿದರು. 1915ರಲ್ಲಿ ಬ್ರಿಟಿಷ್ ಸರ್ಕಾರವು ಅಪಘಾತಗಳನ್ನು ವಿಚಾರಿಸುವುದಕ್ಕೆಂದೇ ಕಾಕ್‌ಬರ್ನ್ ಎಂಬ ಅಧಿಕಾರಿಯನ್ನು ನೇಮಿಸಿತು. ಊರಿನ ಪಂಚಾಯಿತಿಯಲ್ಲಿ ತಪ್ಪಿತಸ್ಥನಾರೆಂದು ಕೇಳುವುದು ವಾಡಿಕೆ. ಇಲ್ಲಿ ಮಾತ್ರ, ಇನ್ನೊಬ್ಬನಿಗೆ ಹೀಗಾಗದಂತೆ ಏನು ಮಾಡಬೇಕು ಎಂಬ ಪ್ರಶ್ನೆ ಮೆಲ್ಲಮೆಲ್ಲನೆ ಮೊದಲಿನ ಸ್ಥಾನಕ್ಕೆ ಬಂದಿತು.

ಈ ಬದಲಾವಣೆಯ ಬೆಲೆ 1930ರಲ್ಲಿ ತಿಳಿಯಿತು. ಆ ವರ್ಷದ ಜುಲೈ 21ರಂದು ಫ್ರಾನ್ಸಿನಿಂದ ಲಂಡನ್ನಿನ ಕಡೆಗೆ ಆರು ಜನರೊಡನೆ ಬರುತ್ತಿದ್ದ ಯುಂಕರ್ಸ್ ಜಾತಿಯ ಸಣ್ಣ ವಿಮಾನವೊಂದು ಕೆಂಟ್ ಪ್ರಾಂತದ ಮಿಯೊಪಮ್ ಗ್ರಾಮದ ಮೇಲೆ ಆಕಾಶದಲ್ಲಿಯೇ ಒಡೆದುಹೋಯಿತು. ಕೆಳಗಿದ್ದವರು ಮೋಡದೊಳಗಿನಿಂದ ಗುಡುಗಿನಂತಹ ಸದ್ದನ್ನು ಕೇಳಿದರು. ಆರು ಜನರೂ ಸತ್ತರು. ಸತ್ತವರಲ್ಲಿ ದೊಡ್ಡ ಮನೆತನದವರಿದ್ದುದರಿಂದ ಗದ್ದಲ ಹೆಚ್ಚಾಯಿತು. ವಿಚಾರಕರು ಮಾದರಿಗಳನ್ನು ಮಾಡಿ ಗಾಳಿ ಹಾಯಿಸುವ ಸುರಂಗದಲ್ಲಿಟ್ಟು ಪರೀಕ್ಷಿಸಿದರು. ಮೋಡದೊಳಗೆ ಮೇಲಕ್ಕೆ ನುಗ್ಗುವ ಗಾಳಿಗೆ ಸಿಕ್ಕಿದಾಗ ರೆಕ್ಕೆಯ ಓರೆ ಥಟ್ಟನೆ ಹೆಚ್ಚಿ, ರೆಕ್ಕೆಯಿಂದ ಸಿಡಿದ ಸುಳಿಗಾಳಿ ಹಿಂದಿನ ಬಾಲದ ಮೇಲೆ ಏಟಿನ ಮೇಲೆ ಏಟು ಹಾಕಿ, ಅದನ್ನು ಅಲುಗಾಡಿಸಿ ಮುರಿಯಿತೆಂಬುದು ಅವರು ಕಂಡ ಸಂಭಾವ್ಯ ಕಾರಣ. ಜರ್ಮನಿಯ ತಜ್ಞರು ಇದನ್ನು ಒಪ್ಪಲಿಲ್ಲ. ಆದರೂ ವರದಿಯನ್ನು ಬೀರುವಿನಲ್ಲಿ ಮುಚ್ಚಿಡದೆ ಜನರ ಮುಂದಿಟ್ಟರು. ಒಪ್ಪದವರಿಗೂ ಓದಲು ಸಿಕ್ಕುವಂತೆ ಇಡುವುದೇ ವಿಜ್ಞಾನದ ನ್ಯಾಯ.

ಇದರ ಹಿಂದೆಯೇ ಪುಸ್ ಮಾತ್ ಎಂಬ ವಿಮಾನದ ಕಥೆ ಬರುತ್ತದೆ. ಈ ಹೆಸರು ನಮಗೆ ಹತ್ತಿರದ್ದು. 1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲನ್ನು ತಂದುದು ಈ ಜಾತಿಯ ವಿಮಾನದಲ್ಲಿಯೇ. ಅವರ ಜೊತೆಗಾರನಾದ ವಿನ್ಸೆಂಟನು ಆ ಟಪಾಲನ್ನು ಮುಂದೆ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದನು. ಮರದ ರೆಕ್ಕೆಯ, ಮುಚ್ಚಿದ ಕೋಣೆಯ, ನೋಡಲು ಅಂದವಾದ ವಿಮಾನ. ಆದರೆ 1930ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದಲ್ಲಿ ಇಂತಹುದೊಂದು ಆಕಾಶದಲ್ಲಿಯೇ ಮುರಿಯಿತು. 1931ನೆಯ ಮೇ 5ರಂದು ದಕ್ಷಿಣ ಆಫ್ರಿಕದ ಡ್ರಾಕೆನ್ಸ್‌ಬರ್ಗ್ ಬೆಟ್ಟಗಳ ಮೇಲೆ ಬಿರುಗಾಳಿಯಲ್ಲಿ ಇನ್ನೊಂದು ಮುರಿದು, ಇಂಗ್ಲೆಂಡಿನಿಂದ ಕೇಪ್‌ಟೌನಿಗೆ ಅತಿ ಶೀಘ್ರವಾಗಿ ಹಾರಿ ಹೆಸರಾಗಿದ್ದ ಗ್ಲೆನ್ ಕಿಡ್ಸ್‌ಟನ್ ಎಂಬವನೂ ಅವನ ಸಂಗಡಿಗನೂ ಸತ್ತರು. ಮತ್ತೆ ಕೆಲವು ಹೀಗೆಯೇ ಹೋದುವು. ಬೇರೆ ಬೇರೆ ದೇಶ, ಬೇರೆ ಬೇರೆ ಚಾಲಕರು. ಮುರಿಯುವ ಬಗೆ ಮಾತ್ರ ಒಂದೇ. ಒಂದೊಂದನ್ನೂ ಬಿಡಿಯಾಗಿ ನೋಡಿದ್ದರೆ ‘ಬಿರುಗಾಳಿ’ ಎಂದೋ ‘ಚಾಲಕನ ದುಡುಕು’ ಎಂದೋ ಹೇಳಿ ಮುಗಿಸಬಹುದಾಗಿತ್ತು. ಎಲ್ಲವನ್ನೂ ಸಾಲಾಗಿಟ್ಟು ನೋಡಿದಾಗ ಗುಟ್ಟು ಹೊರಬಿದ್ದಿತು. ಹೆಚ್ಚಿನ ವೇಗದಲ್ಲಿ, ಕದಡಿದ ಗಾಳಿಯಲ್ಲಿ, ರೆಕ್ಕೆಯನ್ನು ಒಡಲಿಗೆ ಬಿಗಿದಿದ್ದ ಊರೆಗಂಬಿಯ ಬಿಗುವು ಸಾಲದಾಗುತ್ತಿತ್ತು. ಮುಂದಿನ ಊರೆಗಂಬಿಗೆ ಒಂದು ಚಿಕ್ಕ ಮರಿ ಊರೆಯನ್ನು ಸೇರಿಸಿದರು. ಅಷ್ಟು ಸಣ್ಣ ಕಂಬಿಯನ್ನು ಕಂಡುಹಿಡಿಯುವುದಕ್ಕೆ ಎಷ್ಟೋ ಜೀವಗಳು ಬೇಕಾದುವು.

ಇಷ್ಟು ಹೊತ್ತು ಹೇಳಿದುದು ಹೆಚ್ಚಾಗಿ ಯಂತ್ರದ ಮಾತು. ಯಂತ್ರ ಬಲವಾದಂತೆಲ್ಲ ಅಪಘಾತದ ಬೇರು ಮನುಷ್ಯನ ಕಡೆಗೆ ಸರಿಯಿತು. 1935ನೆಯ ಆಗಸ್ಟ್ 15ರಂದು ಅಲಾಸ್ಕದ ಉತ್ತರದ ತುದಿಯಲ್ಲಿ, ಪ್ರಪಂಚವನ್ನು ಒಬ್ಬಂಟಿಯಾಗಿ ಸುತ್ತಿ ಬಂದಿದ್ದ ವೈಲಿ ಪೋಸ್ಟ್ ಎಂಬ ಚಾಲಕನೂ ವಿಲ್ ರಾಜರ್ಸ್ ಎಂಬ ಜನಪ್ರಿಯ ವಿನೋದಗಾರನೂ ಸತ್ತರು. ಪೋಸ್ಟನ ವಿಮಾನ ಒಂದು ಜಾತಿಯ ಒಡಲಿಗೆ ಇನ್ನೊಂದು ಜಾತಿಯ ರೆಕ್ಕೆಯನ್ನು ಜೋಡಿಸಿದ್ದು. ನೀರಿನ ಮೇಲಿಳಿಯಲು ಬೇಕಾದ ತೇಲುಗಾಲುಗಳು ಹೊತ್ತಿಗೆ ಬರಲಿಲ್ಲವೆಂದು, ಬೇರೆ ವಿಮಾನದ ಭಾರಿ ತೇಲುಗಾಲುಗಳನ್ನು ತೊಡಿಸಿದ್ದನು. ಮೂತಿ ಭಾರವಾಯಿತು. ಎಂಜಿನ್ನು ನಡೆಯುವವರೆಗೆ ಅದರ ಬಲದಿಂದ ಮೂತಿಯನ್ನು ಎತ್ತಿ ಹಿಡಿಯಬಹುದಾಗಿತ್ತು. ಕೊಳವೊಂದರಿಂದ ಮೇಲಕ್ಕೆದ್ದು ತಿರುಗುತ್ತಿರುವಾಗ ಎಂಜಿನ್ನು ನಿಂತಿತು. ಮೂತಿ ಕುಸಿದು ವಿಮಾನ ನೀರಿಗೆ ಬಿದ್ದಿತು. ಎಂಜಿನ್ನು ನಿಂತುದು ಕಾರಣವೆನ್ನಬೇಕೆ, ಬಾರದ ತೇಲುಗಾಲುಗಳಿಗಾಗಿ ಒಂದೆರಡು ವಾರ ಕಾಯದಿದ್ದುದು ಕಾರಣವೆನ್ನಬೇಕೆ? ನೀವೇ ಯೋಚಿಸಿ.

ಇನ್ನೊಂದು ದೃಷ್ಟಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. 1959ನೆಯ ಫೆಬ್ರವರಿ 3ರಂದು ನಡುರಾತ್ರಿ ಕಳೆದು ಒಂದು ಗಂಟೆಯಾಗುವ ಹೊತ್ತಿಗೆ, ಅಮೆರಿಕದ ಅಯೋವ ಪ್ರಾಂತದ ಕ್ಲಿಯರ್ ಲೇಕ್ ಎಂಬ ಊರಿನ ಬಳಿಯ ನಿಲ್ದಾಣದಿಂದ ನಾಲ್ವರು ಕೂರುವ ಬೊನಾನ್ಜ ಎಂಬ ವಿಮಾನ ಮೇಲೆದ್ದಿತು. ಅದರಲ್ಲಿದ್ದವರು ಬಡಿ ಹಾಲಿ ಮೊದಲಾದ ಮೂವರು ತರುಣ ಗಾಯಕರು, ಮತ್ತು ಇಪ್ಪತ್ತೊಂದು ವರ್ಷದ ಚಾಲಕ. ಹಿಮ ಬೀಳುತ್ತಿದ್ದಿತು. ಬಯಲಿನಲ್ಲಿ ದೀಪಗಳಿರಲಿಲ್ಲ, ಮೇಲೆ ನಕ್ಷತ್ರಗಳೂ ಇರಲಿಲ್ಲ. ನಿಲ್ದಾಣದಲ್ಲಿ ನಿಂತು ನೋಡುತ್ತಿದ್ದವರಿಗೆ ವಿಮಾನದ ಬಾಲದ ದೀಪ ಮೆಲ್ಲಗೆ ಕೆಳಗಿಳಿದು ಮರೆಯಾದಂತೆ ಕಂಡಿತು. ಬೆಳಗ್ಗೆ ನೋಡಿದರೆ, ಕೆಲವು ಮೈಲಿಗಳ ದೂರದ ಹೊಲವೊಂದರಲ್ಲಿ ಬಿದ್ದಿತ್ತು, ಒಬ್ಬರೂ ಬದುಕಿರಲಿಲ್ಲ. ಎಂಜಿನ್ನು ಚೆನ್ನಾಗಿತ್ತು. ರೆಕ್ಕೆ ಮುರಿದಿರಲಿಲ್ಲ. ಸರಿಯಾದ ಯಂತ್ರವೊಂದು ಪೂರ್ತಿ ವೇಗದಲ್ಲಿ, ಬಲಕ್ಕೆ ವಾಲಿಕೊಂಡು, ನೆಲಕ್ಕೆ ಹೊಡೆದಿತ್ತು.

ಇದು ಹೇಗೆ ಸಾಧ್ಯ? ಉತ್ತರ ನಮ್ಮ ಕಿವಿಯೊಳಗಿದೆ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ. ನಾವು ತಿರುಗಲಾರಂಭಿಸಿದೊಡನೆ ಅವು ಸುದ್ದಿಯನ್ನು ಮುಟ್ಟಿಸುತ್ತವೆ. ಆದರೆ ಒಂದೇ ಸಮನಾಗಿ ತಿರುಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಮೌನವಾಗುತ್ತವೆ. ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ತಿರುಗುವ ಪೀಠವೊಂದಿದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾನೇ ಅದರ ಮೇಲೆ ಕುಳಿತು, ಮೆಲ್ಲಗೆ ಒಂದೇ ಸಮನಾಗಿ ತಿರುಗಿಸುವಂತೆ ವಿದ್ಯಾರ್ಥಿಗಳಿಗೆ ಹೇಳಿದೆನು. ಅರೆನಿಮಿಷ ಕಳೆದ ಮೇಲೆ “ಏಕೆ ನಿಲ್ಲಿಸಿದಿರಿ?” ಎಂದು ಕೇಳಿದೆನು. ಹುಡುಗರು ಗೊಳ್ಳೆಂದು ನಕ್ಕರು. ಪೀಠ ತಿರುಗುತ್ತಲೇ ಇದ್ದಿತು. ಆಮೇಲೆ ನಿಜವಾಗಿ ನಿಲ್ಲಿಸಿದಾಗ, “ಈಗೇಕೆ ಎದುರು ದಿಕ್ಕಿಗೆ ತಿರುಗಿಸುತ್ತಿದ್ದೀರಿ?” ಎಂದೆನಂತೆ! ಇಪ್ಪತ್ತು ವರ್ಷ ಚಲನಶಾಸ್ತ್ರವನ್ನು ಪಾಠ ಹೇಳಿದವನ ಗತಿ ಇದು. ಹೊರಗಿನ ದಿಗಂತ ಕಾಣದ ಚಾಲಕನ ಪಾಡೂ ಹೀಗೆಯೇ. ವಿಮಾನ ಮೆಲ್ಲಗೆ ವಾಲಿ ಸುತ್ತುತ್ತಿದ್ದರೂ ಅವನಿಗೆ ನೇರವಾಗಿ ಹೋಗುತ್ತಿರುವಂತೆಯೇ ತೋರುತ್ತದೆ. ಎತ್ತರ ಕಡಮೆಯಾಗುವುದನ್ನು ಮಾಪಕದಲ್ಲಿ ಕಂಡು ಹಿಡಿಕೆಯನ್ನೆಳೆಯುತ್ತಾನೆ. ವಾಲಿರುವ ವಿಮಾನ ಅದರಿಂದ ಮೇಲೇಳದೆ ಸುತ್ತನ್ನೇ ಬಿಗಿಮಾಡಿಕೊಳ್ಳುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದವರು, ಮಾಪಕಗಳನ್ನು ನೋಡಿಯೇ ಹಾರುವ ಅಭ್ಯಾಸವಿಲ್ಲದ ಇಪ್ಪತ್ತು ಜನ ಚಾಲಕರಿಗೆ ಹೊರಗಿನ ನೋಟವನ್ನು ಮರೆಮಾಡಿ ಪರೀಕ್ಷಿಸಿದರು. ಇಪ್ಪತ್ತು ಜನರೂ ಹತೋಟಿಯನ್ನು ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲ, ಸರಾಸರಿ 178 ಸೆಕೆಂಡು. ಪೂರ್ತಿ ಮೂರು ನಿಮಿಷವೂ ಅಲ್ಲ!

ಅಯೋವದ ವಿಚಾರಕರು ಬರೆದ ಸಂಭಾವ್ಯ ಕಾರಣವೆಂದರೆ, ಮಾಪಕಗಳಿಂದಲೇ ಹಾರಬೇಕಾದ ರಾತ್ರಿಯಲ್ಲಿ ಆ ಅರ್ಹತೆಯಿಲ್ಲದ ಚಾಲಕನು ಹೊರಡಲು ನಿಶ್ಚಯಿಸಿದ ಅವಿವೇಕ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಹವೆ ಕೆಡಲಿದೆಯೆಂಬ ಎರಡು ಎಚ್ಚರಿಕೆಗಳು ಬಂದಿದ್ದರೂ ಆ ಚಾಲಕನಿಗೆ ಯಾರೂ ತಿಳಿಸಿರಲಿಲ್ಲ. ವಿಮಾನದ ಏರಿಳಿತವನ್ನು ತೋರಿಸುವ ಮಾಪಕ ಅವನು ಅಭ್ಯಾಸ ಮಾಡಿದ್ದ ಬಗೆಯದಲ್ಲ. ಅದು ತೋರಿಸುವ ರೀತಿ ಅದಕ್ಕೆ ತಲೆಕೆಳಗು. ಕತ್ತಲೆಯಲ್ಲಿ ಗಾಬರಿಯಾದವನು ಅದನ್ನು ನೋಡಿ ಏರಿಕೆಯನ್ನು ಇಳಿಕೆಯೆಂದೋ ಇಳಿಕೆಯನ್ನು ಏರಿಕೆಯೆಂದೋ ತಿಳಿದಿದ್ದರೆ ಆಶ್ಚರ್ಯವೇನು? ನಲವತ್ತು ವರ್ಷಗಳ ಮೇಲೆ, 1999ನೆಯ ಜುಲೈ 16ರ ರಾತ್ರಿ, ಅಮೆರಿಕದ ಅಧ್ಯಕ್ಷನಾಗಿದ್ದ ಕೆನೆಡಿಯ ಮಗನು ಮಬ್ಬು ಕವಿದ ಕಡಲಿನ ಮೇಲೆ ತನ್ನ ವಿಮಾನವನ್ನು ನಡೆಸುತ್ತಿರುವಾಗ ಹೀಗೆಯೇ ದಿಕ್ಕುಗೆಟ್ಟು, ಹೆಂಡತಿಯೊಡನೆಯೂ ಆಕೆಯ ಸೋದರಿಯೊಡನೆಯೂ ನೀರುಪಾಲಾದನು. ಕಿವಿಯ ಮೋಸ ಸಿರಿವಂತ ಬಡವ ಎಂಬುದನ್ನು ನೋಡುವುದಿಲ್ಲ.

ಶ್ರೋತೃಗಳೆ, ‘ಚಾಲಕನ ತಪ್ಪು’ ಎಂಬ ಮಾತು ಸುಳ್ಳಲ್ಲ. ಅದು ಅರ್ಧ ಮಾತು. ತಪ್ಪಿದನು ನಿಜ. ಏಕೆ ತಪ್ಪಿದನು? ಅವನಿಗೆ ಏನನ್ನು ಕಲಿಸಿರಲಿಲ್ಲ? ಯಾರು ಏನನ್ನು ಹೇಳಲಿಲ್ಲ? ಬೇಡವೆನ್ನುವುದಕ್ಕೆ ಅವನಿಗೆ ಏಕೆ ಬಾಯಿ ಬರಲಿಲ್ಲ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಮಾತ್ರ ಮುಂದಿನವನು ಬದುಕುತ್ತಾನೆ. 1944ರಲ್ಲಿ ಷಿಕಾಗೋದಲ್ಲಿ ಹಲವು ರಾಷ್ಟ್ರಗಳು ವಿಮಾನಯಾನದ ಬಗ್ಗೆ ಒಡಂಬಡಿಕೆಯನ್ನು ಮಾಡಿಕೊಂಡುವು. ಆ ಒಡಂಬಡಿಕೆಗೆ 1951ರಲ್ಲಿ ಮೊದಲು ಅಂಗೀಕೃತವಾದ ಹದಿಮೂರನೆಯ ಅನುಬಂಧ ಅಪಘಾತಗಳ ವಿಚಾರಣೆಗೆ ಸಂಬಂಧಿಸಿದ್ದು. ಇಂತಹ ವಿಚಾರಣೆಯ ಉದ್ದೇಶ ಮುಂದೆ ಅಪಘಾತವನ್ನು ತಡೆಯುವುದೊಂದೇ, ಯಾರ ಮೇಲೆಯೂ ದೋಷವನ್ನು ಹೊರಿಸುವುದಲ್ಲ, ಎಂಬುದು ಅದರ ತತ್ತ್ವ. ನಮ್ಮ ದೇಶದಲ್ಲಿ ಇದಕ್ಕೆಂದೇ ಪ್ರತ್ಯೇಕವಾದ ಇಲಾಖೆ 2012ರಲ್ಲಿ ಏರ್ಪಟ್ಟಿತು.

ಮೊನ್ನೆ ಒಂದು ಬೆಳಗ್ಗೆ ನನ್ನ ವಿದ್ಯಾರ್ಥಿಯ ಹಾರಾಟವನ್ನು ನೋಡಲು ಹೋಗಿದ್ದೆನು. ಅವನ ತಾಯಿಯೂ ಬಂದಿದ್ದರು. ಹುಡುಗ ಒಂದು ಅಚ್ಚಾದ ಪಟ್ಟಿಯನ್ನು ಕೈಯಲ್ಲಿ ಹಿಡಿದು ವಿಮಾನವನ್ನು ಪ್ರದಕ್ಷಿಣೆ ಬರುತ್ತಿದ್ದನು. ಪ್ರೊಪೆಲ್ಲರಿನ ಅಲಗನ್ನು ಉದ್ದಕ್ಕೂ ಬೆರಳಿನಿಂದ ಸವರಿದನು. ರೆಕ್ಕೆಯ ಊರೆಗಂಬಿಯನ್ನು ಹಿಡಿದು ಅಲುಗಿಸಿ ನೋಡಿದನು. ಬಾಲದ ಚುಕ್ಕಾಣಿಯನ್ನು ಎಡಕ್ಕೂ ಬಲಕ್ಕೂ ಆಡಿಸಿದನು. ಒಳಗಿನ ಮಾಪಕಗಳನ್ನು ಒಂದೊಂದಾಗಿ ನೋಡಿ ಗುರುತು ಹಾಕಿದನು. “ಇದನ್ನೆಲ್ಲ ಏಕಪ್ಪ ಮಾಡುತ್ತೀಯೆ?” ಎಂದು ಕೇಳಿದೆನು. “ಪಟ್ಟಿಯಲ್ಲಿದೆ, ಸಾರ್” ಎಂದನು. ಅವನಿಗೆ ಸೆಲ್ಫ್ರಿಜನ ಹೆಸರು ಗೊತ್ತಿರಲಿಲ್ಲ. ಕಿಡ್ಸ್‌ಟನ್ನನ ಹೆಸರೂ ಗೊತ್ತಿರಲಿಲ್ಲ. ಆ ಪಟ್ಟಿಯ ಸಾಲುಗಳನ್ನು ಬರೆಸಿದವರು ಅಂತಹವರೇ ಎಂದು ನಾನು ಅವನಿಗೂ ಅವನ ತಾಯಿಗೂ ಹೇಳಿದೆನು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇನ್ನು ಬೀಳುವುದಿಲ್ಲವೇ, ಮೇಷ್ಟ್ರೇ?” ಎಂದರು. ಬೀಳುವುದಿಲ್ಲವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. “ಗೊತ್ತಾಗಿರುವ ಕಾರಣಗಳಿಗೆಲ್ಲ ಕಾವಲಿಟ್ಟಿದ್ದಾರೆ, ತಾಯಿ. ಆದರೆ ಹಿಮವನ್ನು ಕಂಡೂ ಹೊರಡುವುದಕ್ಕೆ, ಮಬ್ಬನ್ನು ಕಂಡೂ ಮುಂದೆ ಹೋಗುವುದಕ್ಕೆ, ಬಾರದ ಸಾಮಾನಿಗೆ ಕಾಯದಿರುವುದಕ್ಕೆ ಕಾವಲು ಇವನೊಬ್ಬನೇ” ಎಂದೆನು. ಆಕೆ ಮಗನ ಕಡೆಗೆ ತಿರುಗಿ, “ಎಷ್ಟು ಜನ ಕಾಯುತ್ತಿದ್ದರೂ ಸರಿ, ಯಾರು ನಕ್ಕರೂ ಸರಿ, ಹವೆ ಚೆನ್ನಾಗಿಲ್ಲದಿದ್ದರೆ ಹೋಗಬೇಡ. ಅರ್ಧ ದಾರಿ ಹೋಗಿದ್ದರೂ ಹಿಂದಿರುಗಿ ಬಾ. ನನಗೆ ಇಷ್ಟು ಮಾತು ಕೊಡು” ಎಂದರು.

ಹುಡುಗ ಮಾತು ಕೊಟ್ಟನು. ಆಮೇಲೆ ಗಾಳಿಯ ದಿಕ್ಕನ್ನು ತೋರಿಸುವ ಬಟ್ಟೆಯ ಚೀಲದ ಕಡೆಗೂ ಆಕಾಶದ ಕಡೆಗೂ ಬಹಳ ಹೊತ್ತು ನೋಡಿ, ಪಶ್ಚಿಮದಲ್ಲಿ ಮೋಡ ಕಟ್ಟುತ್ತಿದೆಯೆಂದು, ಆ ದಿನ ಹಾರದೆ ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡನು. ನಾವು ಮೂವರೂ ಬಸ್ಸಿನಲ್ಲಿ ಊರಿಗೆ ಹಿಂದಿರುಗಿದೆವು.